ತೀರ್ಪಿನ ವಿಳಾಸವನ್ನು ಓದುವ ಬಗೆ

ವಕೀಲರ ನೋಟೀಸುಗಳಲ್ಲಿಯೂ ತೆರಿಗೆ ಅಧಿಕಾರಿಗಳ ಆದೇಶಗಳಲ್ಲಿಯೂ ‘(2014) 9 ಎಸ್‌ಸಿಸಿ 129’ ಎಂಬಂತಹ ಸಾಲುಗಳು ಕಂಡುಬರುವುದುಂಟು. ಅದನ್ನು ನೋಡಿದೊಡನೆ ವ್ಯಾಜ್ಯವನ್ನೇ ಸೋತಂತೆ ಭಾವಿಸುವ ವರ್ತಕರು ಕಡಿಮೆಯೇನಲ್ಲ. ವಾಸ್ತವವಾಗಿ ಅದೊಂದು ವಿಳಾಸ ಮಾತ್ರ.

ಇಲ್ಲಿ 2014 ಎಂಬುದು ವರ್ಷ, 9 ಎಂಬುದು ಸಂಪುಟ, ಎಸ್‌ಸಿಸಿ ಎಂಬುದು ‘ಸುಪ್ರೀಂ ಕೋರ್ಟ್ ಕೇಸಸ್’ ಎಂಬ ವರದಿ ಮಾಲಿಕೆ, 129 ತೀರ್ಪು ಆರಂಭವಾಗುವ ಪುಟ. ಇದೇ ತೀರ್ಪು ‘ಆಲ್ ಇಂಡಿಯಾ ರಿಪೋರ್ಟರ್’ನಲ್ಲಿಯೂ ಅಚ್ಚಾಗಿರುವುದರಿಂದ ‘ಎಐಆರ್ 2014 ಎಸ್‌ಸಿ 3519’ ಎಂಬ ಮತ್ತೊಂದು ವಿಳಾಸವೂ ಇದಕ್ಕುಂಟು. ಎರಡು ವಿಳಾಸ ಕಂಡು ಎರಡು ತೀರ್ಪುಗಳೆಂದು ಅಂಜಬೇಕಾಗಿಲ್ಲ. ‘ಐಎಲ್‌ಆರ್’ ಜೊತೆಗೆ ಕರ್ನಾಟಕದ ಹೆಸರಿದ್ದರೆ ಅದು ನಮ್ಮ ಉಚ್ಚ ನ್ಯಾಯಾಲಯದ್ದು. 2023ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಕಾಶಕರನ್ನು ಅವಲಂಬಿಸದ ‘ಐಎನ್‌ಎಸ್‌ಸಿ’ ಎಂಬ ತನ್ನದೇ ಸಂಖ್ಯಾಕ್ರಮವನ್ನು ಜಾರಿಗೆ ತಂದಿತು. ಅದೇ ವರ್ಷ ಆರಂಭವಾದ ಇ-ಎಸ್‌ಸಿಆರ್ ಜಾಲತಾಣದಲ್ಲಿ ವರದಿಯಾದ ತೀರ್ಪುಗಳನ್ನು ಶುಲ್ಕವಿಲ್ಲದೆ ಓದಬಹುದು. ಖಾಸಗಿ ಮಾಲಿಕೆಯ ಪುಟಸಂಖ್ಯೆಯಿಂದ ಅಲ್ಲಿ ತೀರ್ಪು ಸಿಗದಿದ್ದಲ್ಲಿ ಪಕ್ಷಕಾರರ ಹೆಸರಿನಿಂದ ಹುಡುಕತಕ್ಕದ್ದು.

ಹಾಗೆ ಹುಡುಕಿದರೆ ಮೇಲಿನ ವಿಳಾಸದಲ್ಲಿ ದೊರೆಯುವುದು ದಶರಥ್ ರೂಪ್‌ಸಿಂಗ್ ರಾಠೋಡ್ ವಿರುದ್ಧ ಮಹಾರಾಷ್ಟ್ರ ರಾಜ್ಯ ಎಂಬ ಪ್ರಕರಣ. ಅಮಾನ್ಯಗೊಂಡ ಚೆಕ್ಕಿನ ದೂರನ್ನು, ಚೆಕ್ ನೀಡಿದವನ ಬ್ಯಾಂಕ್ ಶಾಖೆಯಿರುವ ಸ್ಥಳದ ನ್ಯಾಯಾಲಯದಲ್ಲಿಯೇ ಹೂಡಬೇಕೆಂದು ಮೂವರು ನ್ಯಾಯಮೂರ್ತಿಗಳ ಪೀಠವು ಹೇಳಿತು. ಅದರಂತೆ, ಮುಂಬಯಿಯ ಶಾಖೆಯೊಂದರ ಚೆಕ್ ಪಡೆದ ಹುಬ್ಬಳ್ಳಿಯ ವರ್ತಕನು ಮುಂಬಯಿಗೇ ಅಲೆಯಬೇಕಾಗುತ್ತಿತ್ತು. ಸಣ್ಣ ಮೊತ್ತವಾಗಿದ್ದರೆ ಪ್ರಯಾಣದ ಖರ್ಚಿಗೇ ಹೆದರಿ ಬಾಕಿಯನ್ನು ಕೈಬಿಡುವುದೇ ಲೇಸೆನಿಸುವ ಸ್ಥಿತಿ.

ಆದರೆ ಈ ತೀರ್ಪನ್ನು ಇಂದು ಯಾರಾದರೂ ಮುಂದಿಟ್ಟು ಬೆದರಿಸಿದರೆ ವರ್ತಕನು ಹಿಂಜರಿಯಬೇಕಾಗಿಲ್ಲ. 2015ರಲ್ಲಿ ಸಂಸತ್ತು ನೆಗೋಷಿಯಬಲ್ ಇನ್ಸ್‌ಟ್ರುಮೆಂಟ್ಸ್ ಕಾಯಿದೆಗೆ ತಿದ್ದುಪಡಿ ತಂದಿತು. ಅದರ 142(2)ನೆಯ ಕಲಮಿನ ಪ್ರಕಾರ, ಖಾತೆಯ ಮೂಲಕ ವಸೂಲಿಗೆ ಹಾಕಿದ ಚೆಕ್ಕಿನ ದೂರನ್ನು, ಹಣ ಪಡೆಯಬೇಕಾದವನು ಖಾತೆ ಹೊಂದಿರುವ ಶಾಖೆಯ ಸ್ಥಳದಲ್ಲಿಯೇ ಹೂಡತಕ್ಕದ್ದು. ಅಂದರೆ, ಹುಬ್ಬಳ್ಳಿಯಲ್ಲಿಯೇ.

ಪುಸ್ತಕದಲ್ಲಿ ಅಚ್ಚಾದ 129ನೆಯ ಪುಟವು ಮಾತ್ರ ಇದನ್ನು ತಿಳಿಸುವುದಿಲ್ಲ. ತಿದ್ದುಪಡಿಯಾದದ್ದು ಆ ನಂತರ. ಆದಕಾರಣ ತೀರ್ಪು ಕೈಗೆ ಸಿಕ್ಕ ಮೇಲೆ ಎರಡು ಕೆಲಸ ಉಳಿಯುತ್ತವೆ: ಅದೇ ಪಕ್ಷಕಾರರ ಹೆಸರಿನಿಂದ ನಂತರದ ವರ್ಷಗಳ ತೀರ್ಪುಗಳನ್ನು ಹುಡುಕಿ, ಅವು ಇದನ್ನು ಅನುಸರಿಸಿವೆಯೋ ತಳ್ಳಿಹಾಕಿವೆಯೋ ನೋಡುವುದು, ಸಂಬಂಧಿಸಿದ ಕಲಮಿನ ಈಗಿನ ಪಾಠವನ್ನು ಕೇಂದ್ರ ಸರ್ಕಾರದ ಇಂಡಿಯಾ ಕೋಡ್ ಜಾಲತಾಣದಲ್ಲಿ ಓದಿಕೊಂಡು, ಎರಡರ ಪ್ರತಿಯೊಂದಿಗೆ ವಕೀಲರನ್ನು ಕಾಣುವುದು.