ರೆಫರೆನ್ಸ್ ನಂಬರ್‌ಗಳನ್ನು ಕೈಯಲ್ಲಿ ತಿದ್ದಬೇಡಿ

ಫೈನಲ್ ಇಯರ್ ಪ್ರಾಜೆಕ್ಟ್ ರಿಪೋರ್ಟ್ ಕೊಡೋಕೆ ಎರಡು ದಿನ ಇರುವಾಗ ಎಲ್ಲ ಬ್ಯಾಚ್‌ಗಳ ಕಥೆಯೂ ಹೆಚ್ಚುಕಡಿಮೆ ಒಂದೇ. ಮಾಡೆಲ್ ಓಡ್ತಿದೆ, ರಿಸಲ್ಟ್ ಬಂದಿದೆ, ರೆಫರೆನ್ಸ್ ಮಾತ್ರ ಹೇಳಿದ ಮಾತು ಕೇಳ್ತಿಲ್ಲ. ಎರಡನೇ ಅಧ್ಯಾಯದಲ್ಲಿ [7] ಅಂತಿದೆ, ಕೊನೆಯ ಪಟ್ಟಿಯಲ್ಲಿ ಏಳನೆಯದು ಬೇರೆಯದೇ ಪೇಪರ್. ಇದು ಬರೀ ಅಂದಚೆಂದದ ವಿಷಯ ಅಂದುಕೊಳ್ಳಬೇಡಿ. ಒಂದು ಸಮೀಕರಣವನ್ನು [7]ರಿಂದ ತೆಗೆದುಕೊಂಡಿದ್ದೇವೆ ಅಂತ ಬರೆದು, ಆ ಪೇಪರ್‌ನಲ್ಲಿ ಆ ಸಮೀಕರಣವೇ ಇಲ್ಲದಿದ್ದರೆ ವೈವಾದಲ್ಲಿ ಏನು ಹೇಳ್ತೀರಿ? ಮುಂದಿನ ವರ್ಷ ಅದೇ ರಿಪೋರ್ಟ್ ತೆಗೆದು ಓದೋ ಜೂನಿಯರ್‌ಗಳೂ ದಾರಿ ತಪ್ಪುತ್ತಾರೆ.

ನಮ್ಮಲ್ಲಿ ತುಂಬಾ ಜನ ಬಳಸೋದು ಝೊಟೆರೊ. ಉಚಿತ, ಓಪನ್ ಸೋರ್ಸ್, 2006ರಿಂದ ಇದೆ. ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಸಾಮಾನ್ಯವಾಗಿ ಕೈಕೊಡುವ ಜಾಗಗಳನ್ನು ನೋಡೋಣ.

ಮೊದಲು ಒಳಗೆ ಏನಿದೆ ತಿಳಿಯಿರಿ

ವರ್ಡ್‌ನಲ್ಲಿ ಕಾಣುವ [7] ಮೂರು ಅಕ್ಷರದ ಟೆಕ್ಸ್ಟ್ ಅಲ್ಲ, ಅದೊಂದು ಫೀಲ್ಡ್. ಅದರೊಳಗೆ ಪೇಪರ್‌ನ ಲೇಖಕರು, ಶೀರ್ಷಿಕೆ, ವರ್ಷ, ನಿಮ್ಮ ಲೈಬ್ರರಿಯಲ್ಲಿ ಅದರ ವಿಳಾಸ ಎಲ್ಲ ಅಡಗಿರುತ್ತೆ. ರಿಫ್ರೆಶ್ ಒತ್ತಿದಾಗ ಝೊಟೆರೊ ಫೈಲ್‌ನಲ್ಲಿರುವ ಫೀಲ್ಡ್‌ಗಳನ್ನೆಲ್ಲ ಮೊದಲಿಂದ ಎಣಿಸಿ, ನೀವು ಆರಿಸಿದ ಸ್ಟೈಲ್‌ನ ನಿಯಮದ ಪ್ರಕಾರ ಹೊಸದಾಗಿ ಬರೆಯುತ್ತೆ. ಅಂದ್ರೆ ಕಣ್ಣಿಗೆ ಕಾಣೋದು ಔಟ್‌ಪುಟ್ ಮಾತ್ರ. ತಪ್ಪಿದ್ದರೆ ಇನ್‌ಪುಟ್ ತಿದ್ದಬೇಕು. ಎಲೆ ಬಾಡಿದೆ ಅಂತ ಎಲೆಗೆ ನೀರು ಹಾಕಿದರೆ ಏನೂ ಆಗಲ್ಲ, ಬೇರಿಗೇ ಹಾಕಬೇಕು.

ಇದ್ದಕ್ಕಿದ್ದಂತೆ ರಿಪೋರ್ಟ್ ತುಂಬ ಪುಷ್ಪಾವರಣದೊಳಗೆ ಉದ್ದುದ್ದ ಕೋಡ್ ಕಂಡರೆ ಗಾಬರಿ ಬೇಡ. ಫೀಲ್ಡ್ ಕೋಡ್ ತೋರಿಸುವ ಆಯ್ಕೆ ಆನ್ ಆಗಿದೆ ಅಷ್ಟೇ. ಆಲ್ಟ್ ಮತ್ತು ಎಫ್9 ಒಟ್ಟಿಗೆ ಒತ್ತಿ, ಮಾಯವಾಗುತ್ತೆ.

ನಂಬರ್ ಬದಲಾಗ್ತಾನೇ ಇಲ್ಲ

ಯಾರೋ ಆ ನಂಬರನ್ನು ಕೈಯಲ್ಲಿ ತಿದ್ದಿರುತ್ತಾರೆ. ಆಮೇಲೆ ಝೊಟೆರೊ, ಈ ತಿದ್ದುಪಡಿ ಇಟ್ಟುಕೊಂಡು ಮುಂದೆ ಅಪ್‌ಡೇಟ್ ಮಾಡದೇ ಬಿಡಲಾ ಅಂತ ಕೇಳುತ್ತೆ. ಅವಸರದಲ್ಲಿ ಯೆಸ್ ಒತ್ತಿದರೆ ಮುಗೀತು, ಆ ಒಂದು ನಂಬರ್ ಅಲ್ಲೇ ಹೆಪ್ಪುಗಟ್ಟುತ್ತೆ. ಪರಿಹಾರ: ಆ ಸೈಟೇಶನ್ ಅಳಿಸಿ, ಹೊಸದಾಗಿ ಸೇರಿಸಿ. ಪುಟ ಸಂಖ್ಯೆ ಬೇಕಿದ್ದರೆ ಸೈಟೇಶನ್ ಸೇರಿಸುವ ಪೆಟ್ಟಿಗೆಯಲ್ಲಿ ಪೇಪರ್ ಹೆಸರಿನ ಮೇಲೆ ಕ್ಲಿಕ್ ಮಾಡಿ ಅಲ್ಲೇ ಹಾಕಿ. ಕೊನೆಯ ಪಟ್ಟಿಯ ಫಾಂಟ್, ಲೈನ್ ಸ್ಪೇಸಿಂಗ್ ಬದಲಿಸಬೇಕಿದ್ದರೆ ವರ್ಡ್‌ನ ಸ್ಟೈಲ್ಸ್‌ಗೆ ಹೋಗಿ ಬಿಬ್ಲಿಯೋಗ್ರಫಿ ಅನ್ನೋ ಸ್ಟೈಲನ್ನು ಮಾಡಿಫೈ ಮಾಡಿ. ಪಟ್ಟಿಯ ಒಳಗೇ ಮಾಡಿದ ತಿದ್ದುಪಡಿ ಮುಂದಿನ ರಿಫ್ರೆಶ್‌ಗೆ ಅಳಿಸಿ ಹೋಗುತ್ತೆ.

ವರ್ಡ್‌ನ ರೆಫರೆನ್ಸಸ್ ಟ್ಯಾಬ್‌ನಲ್ಲೂ ಸೈಟೇಶನ್ ಸೇರಿಸುವ ಬಟನ್ ಇದೆ. ಅದು ಬೇರೆ ವ್ಯವಸ್ಥೆ. ಎರಡನ್ನೂ ಬೆರೆಸಿದರೆ ಎರಡು ಎಣಿಕೆ ಶುರುವಾಗುತ್ತೆ.

ಒಂದೇ ಪೇಪರ್ ಎರಡು ಸಲ

ನಾಲ್ಕು ಜನರ ತಂಡದಲ್ಲಿ ಇದು ಆಗಿಯೇ ಆಗುತ್ತೆ. ಒಬ್ಬೊಬ್ಬರೂ ಅವರವರ ಲೈಬ್ರರಿಯಿಂದ ಒಂದೊಂದು ಅಧ್ಯಾಯ ಬರೆದು, ಕೊನೆಗೆ ಅಂಟಿಸಿದಾಗ ಒಂದೇ ಪೇಪರ್ [4] ಕೂಡ ಹೌದು, [11] ಕೂಡ ಹೌದು. ಝೊಟೆರೊ ಗುರುತು ಹಿಡಿಯೋದು ಲೈಬ್ರರಿಯ ವಿಳಾಸದಿಂದ. ನಿಮ್ಮ ಪ್ರತಿ, ಗೆಳೆಯನ ಪ್ರತಿ ಅದರ ಲೆಕ್ಕದಲ್ಲಿ ಎರಡು ಬೇರೆ ಪೇಪರ್.

ಹಾಗಾಗಿ ಪ್ರಾಜೆಕ್ಟ್ ಶುರುವಾಗುವಾಗಲೇ ಒಂದು ಗ್ರೂಪ್ ಲೈಬ್ರರಿ ಮಾಡಿ, ಎಲ್ಲರೂ ಅಲ್ಲಿಂದಲೇ ಸೈಟ್ ಮಾಡಿ. ಈಗಾಗಲೇ ತಡವಾಗಿದ್ದರೆ, ಎರಡನೇ ನಂಬರ್ ಇರೋ ಕಡೆಯೆಲ್ಲ ಒಂದೇ ಲೈಬ್ರರಿಯ ಪ್ರತಿ ಹಾಕಬೇಕು, ಬೇರೆ ದಾರಿ ಇಲ್ಲ. ಒಂದೇ ಲೈಬ್ರರಿಯೊಳಗೆ ಎರಡು ಪ್ರತಿ ಇದ್ದರೆ ಒಂದನ್ನು ಡಿಲೀಟ್ ಮಾಡಬೇಡಿ, ಡೂಪ್ಲಿಕೇಟ್ ಐಟಮ್ಸ್‌ಗೆ ಹೋಗಿ ಮರ್ಜ್ ಮಾಡಿ. ಮರ್ಜ್ ಮಾಡಿದರೆ ಹಳೆಯ ಕೊಂಡಿ ಉಳಿಯುತ್ತೆ.

ಹೆಸರುಗಳ ಅವಾಂತರ

ಐಇಇಇ ಸ್ಟೈಲ್ ಮೊದಲ ಹೆಸರನ್ನು ಇನಿಶಿಯಲ್‌ಗೆ ಇಳಿಸುತ್ತೆ, ಕೊನೆಯ ಹೆಸರನ್ನು ಪೂರ್ತಿ ಬರೆಯುತ್ತೆ. ನಮ್ಮ ಕಡೆಯ ಹೆಸರುಗಳಲ್ಲಿ ಇನಿಶಿಯಲ್ ಮುಂದೆಯೂ ಬರುತ್ತೆ, ಹಿಂದೆಯೂ ಬರುತ್ತೆ. ಸಿ. ವಿ. ರಾಮನ್ ಅವರ ಹೆಸರಿನ ಎರಡು ಭಾಗ ಅದಲುಬದಲಾಗಿ ಸೇವ್ ಆದರೆ ಪಟ್ಟಿಯಲ್ಲಿ ಅವರು ಆರ್. ಸಿ. ವಿ. ಆಗಿಬಿಡುತ್ತಾರೆ! ಸಂಸ್ಥೆಗಳದ್ದು ಇನ್ನೂ ತಮಾಷೆ. ಬ್ಯೂರೋ ಆಫ್ ಇಂಡಿಯನ್ ಸ್ಟ್ಯಾಂಡರ್ಡ್ಸ್ ಅನ್ನೋದನ್ನು ವ್ಯಕ್ತಿಯ ಹೆಸರು ಅಂತ ತಿಳಿದರೆ 'ಬಿ. ಆಫ್ ಇಂಡಿಯನ್ ಸ್ಟ್ಯಾಂಡರ್ಡ್ಸ್' ಅಂತ ಬರಬಹುದು. ಸಿವಿಲ್‌ನವರು ಐಎಸ್ ಕೋಡ್ ಹಾಕುವಾಗ ಇದನ್ನು ನೋಡಿಕೊಳ್ಳಿ. ಲೇಖಕರ ಹೆಸರಿನ ಪಕ್ಕದ ಸಣ್ಣ ಬಟನ್ ಒತ್ತಿದರೆ ಎರಡು ಪೆಟ್ಟಿಗೆ ಒಂದಾಗುತ್ತೆ. ಸಂಸ್ಥೆಗಳಿಗೂ, ಒಂದೇ ಪದದ ಹೆಸರುಗಳಿಗೂ ಅದೇ ಸರಿ.

ಐಟಂ ಟೈಪ್ ಕೂಡ ನೋಡಿ. ಕಾನ್ಫರೆನ್ಸ್ ಪೇಪರ್ ವೆಬ್ ಪೇಜ್ ಅಂತ ಸೇವ್ ಆಗಿದ್ದರೆ ಕಾನ್ಫರೆನ್ಸ್ ಹೆಸರು ಪಟ್ಟಿಗೆ ಬರೋದೇ ಇಲ್ಲ. ಡಿಒಐ ಗೊತ್ತಿದ್ದರೆ ಮಂತ್ರದಂಡದ ಚಿಹ್ನೆ ಒತ್ತಿ ಅದನ್ನೇ ಕೊಡಿ, ಬಹುಪಾಲು ವಿವರ ಸರಿಯಾಗಿ ಬರುತ್ತೆ. ಆದರೂ ಒಮ್ಮೆ ಕಣ್ಣಾಡಿಸಿ.

ವರ್ಡ್‌ನಿಂದ ಬೇರೆ ಕಡೆಗೆ

ಲ್ಯಾಬ್‌ನಲ್ಲಿ ಲಿಬ್ರೆಆಫೀಸ್, ರೂಮಲ್ಲಿ ವರ್ಡ್, ಮಧ್ಯೆ ಗೂಗಲ್ ಡಾಕ್ಸ್. ಹೀಗೆ ಫೈಲ್ ಓಡಾಡಿಸಿದರೆ ಫೀಲ್ಡ್‌ಗಳು ಬರೀ ಟೆಕ್ಸ್ಟ್ ಆಗಿಬಿಡಬಹುದು. ಸಾಗಿಸುವ ಮೊದಲು ಡಾಕ್ಯುಮೆಂಟ್ ಪ್ರಿಫರೆನ್ಸಸ್ ತೆರೆದು, ಬೇರೆ ವರ್ಡ್ ಪ್ರೊಸೆಸರ್‌ಗೆ ಬದಲಿಸುವ ಆಯ್ಕೆ ಬಳಸಿ. ಆ ಕಡೆ ತೆರೆದು ರಿಫ್ರೆಶ್ ಮಾಡಿದರೆ ಸೈಟೇಶನ್‌ಗಳು ಮತ್ತೆ ಜೀವ ಪಡೆಯುತ್ತವೆ.

ಏನೂ ಅರ್ಥ ಆಗದ ಎರರ್ ಬಂದರೆ

ಡೇಟಾ ಸ್ಟ್ರಕ್ಚರ್ಸ್ ಕ್ಲಾಸಿನ ಬೈನರಿ ಸರ್ಚ್ ನೆನಪಿದೆಯಾ? ಫೈಲ್‌ನ ಕಾಪಿ ಮಾಡಿ. ಅರ್ಧ ಭಾಗವನ್ನು ಹೊಸ ಫೈಲ್‌ಗೆ ಹಾಕಿ ರಿಫ್ರೆಶ್ ಮಾಡಿ. ಎರರ್ ಬಂದರೆ ತಪ್ಪು ಆ ಅರ್ಧದಲ್ಲಿದೆ, ಬರದಿದ್ದರೆ ಇನ್ನೊಂದರಲ್ಲಿ. ಹೀಗೇ ಅರ್ಧ ಮಾಡುತ್ತಾ ಹೋದರೆ ಅರವತ್ನಾಲ್ಕು ಪುಟದ ರಿಪೋರ್ಟ್‌ನಲ್ಲಿ ಆರೇ ಹೆಜ್ಜೆಗೆ ತಪ್ಪಿರುವ ಪುಟ ಸಿಗುತ್ತೆ. ಅಲ್ಲಿಯ ಸೈಟೇಶನ್ ಅಳಿಸಿ ಮತ್ತೆ ಸೇರಿಸಿ.

ಸಬ್ಮಿಟ್ ಮಾಡುವ ಮುನ್ನ

ಅನ್‌ಲಿಂಕ್ ಸೈಟೇಶನ್ಸ್ ಒತ್ತಿದರೆ ಎಲ್ಲ ಫೀಲ್ಡ್‌ಗಳೂ ಮಾಮೂಲಿ ಟೆಕ್ಸ್ಟ್ ಆಗುತ್ತವೆ, ಆಮೇಲೆ ಏನೂ ಅಪ್‌ಡೇಟ್ ಆಗಲ್ಲ. ಅದಕ್ಕೇ ಯಾವಾಗಲೂ ಕಾಪಿಯ ಮೇಲೆ ಮಾತ್ರ ಮಾಡಿ, ಮೂಲ ಫೈಲ್ ಬೇರೆ ಇಡಿ. ಗೈಡ್ ಇನ್ನೊಂದು ಪೇಪರ್ ಸೇರಿಸು ಅಂತ ಹೇಳೋದು ಸಾಮಾನ್ಯವಾಗಿ ಇದೆಲ್ಲ ಆದಮೇಲೇ.

ಕೊನೆಗೆ ಪ್ರಿಂಟ್‌ಗೆ ಮುಂಚೆ ಯಾವುದಾದರೂ ಐದು ನಂಬರ್ ಆರಿಸಿ. ವಾಕ್ಯ ಓದಿ, ಪಟ್ಟಿಗೆ ಹೋಗಿ, ಪೇಪರ್ ತೆರೆದು ನೋಡಿ: ನೀವು ಹೇಳಿದ್ದು ಅಲ್ಲಿ ನಿಜವಾಗಿ ಇದೆಯಾ? ನಂಬರ್ ಎಣಿಸೋದು ಸಾಫ್ಟ್‌ವೇರ್ ಕೆಲಸ, ಈ ಪ್ರಶ್ನೆ ಕೇಳೋದು ನಮ್ಮ ಕೆಲಸ.