ಯಂತ್ರಕ್ಕೆ ರಾಗ ಗೊತ್ತೇ?



ಕೀಬೋರ್ಡ್ ಕಂಡರೆ ಕೆಲವು ಹಿರಿಯರಿಗೆ ಆಗುವುದಿಲ್ಲ. "ಇದು ಕರೆಂಟಿನ ಸಂಗೀತ, ಇದರಲ್ಲಿ ರಾಗ ಎಲ್ಲಿಂದ ಬರಬೇಕು?" ಅಂತಾರೆ. ನಮ್ಮಲ್ಲಿ ಕೆಲವರಿಗೆ ಹಾಗಲ್ಲ, ರಾಗ ಅಂದರೇನೇ ಆಕಳಿಕೆ! ಈ ಎರಡನ್ನೂ ಒಟ್ಟಿಗೆ ಕೂಡಿಸಿದ ಒಬ್ಬರ ಬಗ್ಗೆ ತಿಳಿಯೋಣ. ಅವರ ಹೆಸರು ಚರಣ್‌ಜಿತ್ ಸಿಂಗ್.

ಇವರು ಯಾರು?

ಸಿನಿಮಾ ಹಾಡು ಹಾಡಿದವರ ಹೆಸರು ನಮಗೆಲ್ಲಾ ಗೊತ್ತು. ಹಿಂದೆ ಗಿಟಾರ್ ನುಡಿಸಿದವರ ಹೆಸರು ಯಾರಿಗೆ ಗೊತ್ತು? ಚರಣ್‌ಜಿತ್ ಸಿಂಗ್ ಮುಂಬೈಯ ಹಿಂದಿ ಚಿತ್ರಗಳ ವಾದ್ಯವೃಂದದಲ್ಲಿ ಹಾಗೆ ಹಿಂದೆ ಕೂತು ನುಡಿಸುತ್ತಿದ್ದವರು. ಆರ್.ಡಿ. ಬರ್ಮನ್ ಅವರಂಥ ದೊಡ್ಡ ಸಂಗೀತ ನಿರ್ದೇಶಕರ ಜೊತೆ ಕೆಲಸ ಮಾಡಿದ್ದರು. ಹೊಸ ವಾದ್ಯ ಬಂತು ಅಂದರೆ ಅವರಿಗೆ ಬಹಳ ಕುತೂಹಲ.

1980ರ ಸುಮಾರಿಗೆ ಎಲ್ಲೆಲ್ಲೂ ಡಿಸ್ಕೋ ಹಾಡುಗಳ ಗಲಾಟೆ. ಆಗ ಅವರಿಗೆ ಒಂದು ಯೋಚನೆ ಬಂತು. ತಬಲಾ ಬಿಟ್ಟು, ಡಿಸ್ಕೋ ತಾಳಕ್ಕೆ ನಮ್ಮ ರಾಗಗಳನ್ನೇ ನುಡಿಸಿದರೆ ಹೇಗೆ? 1982ರಲ್ಲಿ ಅದನ್ನು ಮಾಡಿಯೇಬಿಟ್ಟರು. ಯಮನ್, ಭೂಪಾಲಿ, ತೋಡಿ, ಮಾಲ್‌ಕೌಂಸ್, ಮೇಘ ಮಲ್ಹಾರ್ ಮುಂತಾದ ಹತ್ತು ರಾಗಗಳ ಒಂದು ಗ್ರಾಮಫೋನ್ ರೆಕಾರ್ಡ್ ಹೊರಬಂತು. ಅದರ ಹೆಸರೇ 'ಡಿಸ್ಕೋ ತಾಳಕ್ಕೆ ಹತ್ತು ರಾಗ' ಎಂಬ ಅರ್ಥದ ಇಂಗ್ಲಿಷ್ ಹೆಸರು.

ಕರೆಂಟಿನಿಂದ ನಾದ ಹೇಗೆ?

ತಂಬೂರಿಯ ತಂತಿ ಮೀಟಿದರೆ ಅದು ನಡುಗುತ್ತದೆ. ಅದರಿಂದ ಗಾಳಿ ನಡುಗುತ್ತದೆ. ಕಿವಿಗೆ ಬಿದ್ದಾಗ ಅದೇ ನಾದ. ಸಿಂಥಸೈಸರ್ ಎಂಬ ಯಂತ್ರದಲ್ಲಿ ತಂತಿ ಇಲ್ಲ. ಒಳಗಿನ ಸರ್ಕ್ಯೂಟ್ ವಿದ್ಯುತ್ತನ್ನೇ ಏರಿಳಿಸುತ್ತದೆ, ಆಗ ಸ್ಪೀಕರಿನ ಪರದೆ ಹಿಂದೆ ಮುಂದೆ ಆಡುತ್ತದೆ. ಲೆಕ್ಕ ಮಾತ್ರ ಒಂದೇ. ಸೆಕೆಂಡಿಗೆ 240 ಸಲ ನಡುಗುವುದನ್ನು 'ಸ' ಅಂತ ಇಟ್ಟುಕೊಂಡರೆ, 'ಪ' ಸುಮಾರು 360, ಮೇಲಿನ 'ಸ' 480. ತಂಬೂರಿಗೂ ಇದೇ, ಯಂತ್ರಕ್ಕೂ ಇದೇ.

ಚರಣ್‌ಜಿತ್ ಸಿಂಗ್ ಬಳಸಿದ್ದು ಜಪಾನಿನ ರೋಲೆಂಡ್ ಕಂಪನಿಯ ಮೂರು ಯಂತ್ರಗಳನ್ನು.

1. ಟಿಆರ್-808: ತಾಳದ ಯಂತ್ರ. ಚರ್ಮವೂ ಇಲ್ಲ, ಕೋಲೂ ಇಲ್ಲ. ಡ್ರಮ್ಮಿನ ಸದ್ದೆಲ್ಲ ಸರ್ಕ್ಯೂಟಿನಿಂದಲೇ.

2. ಟಿಬಿ-303: ತಗ್ಗಿನ ಸ್ವರಗಳ ಯಂತ್ರ. ಒಂದು ಸಾಲಿಗೆ 16 ಮನೆ. ಯಾವ ಮನೆಯಲ್ಲಿ ಯಾವ ಸ್ವರ ಅಂತ ಮೊದಲೇ ತುಂಬಿಟ್ಟರೆ ಅದನ್ನೇ ತಿರುಗಿ ತಿರುಗಿ ನುಡಿಸುತ್ತದೆ.

3. ಜುಪಿಟರ್-8: ಕೈಯಿಂದ ನುಡಿಸುವ ಸಿಂಥಸೈಸರ್. ರಾಗ ಬರುವುದು ಇದರಲ್ಲಿ.

ಕೀಬೋರ್ಡಿನಲ್ಲಿ ಒಂದು ತೊಂದರೆ ಇದೆ. ಅದರಲ್ಲಿ ಸ್ವರಗಳು ಮೆಟ್ಟಿಲಿನ ಹಾಗೆ ಬೇರೆ ಬೇರೆ. ನಮ್ಮ ರಾಗಕ್ಕೋ ಸ್ವರದಿಂದ ಸ್ವರಕ್ಕೆ ಜಾರಬೇಕು. ಹಿಂದೂಸ್ತಾನಿಯವರು ಅದಕ್ಕೆ ಮೀಂಡ್ ಅಂತಾರೆ, ಕರ್ನಾಟಕ ಸಂಗೀತದವರು ಜಾರು ಅಂತಾರೆ. ಟಿಬಿ-303ರಲ್ಲೂ ಜುಪಿಟರಿನಲ್ಲೂ ಹಾಗೆ ಜಾರಿಸುವ ಸೌಲಭ್ಯ ಇತ್ತು. ಆದರೆ ಎಲ್ಲಿ ಜಾರಬೇಕು, ಎಲ್ಲಿ ನಿಲ್ಲಬೇಕು ಅಂತ ಯಂತ್ರಕ್ಕೆ ತಿಳಿಯದು. ಅದು ನುಡಿಸುವವರಿಗೆ ತಿಳಿದಿರಬೇಕು.

ನೀವೂ ಮಾಡಿ ನೋಡಿ

ಹಾರ್ಮೋನಿಯಂ ಸಿಕ್ಕರೆ ಒಂದು ಪ್ರಯೋಗ. ಕಪ್ಪು ಮನೆಗಳು ಎರಡು, ಮೂರು, ಎರಡು, ಮೂರು ಅಂತ ಗುಂಪಾಗಿ ಇರುತ್ತವೆ. ಮೂರರ ಗುಂಪಿನ ಮೊದಲನೆಯದನ್ನು 'ಸ' ಅಂತ ಹಿಡಿದು ಕಪ್ಪು ಮನೆಗಳನ್ನೇ ಒತ್ತುತ್ತಾ ಹೋಗಿ. ಸ ರಿ ಗ ಪ ದ ಬರುತ್ತದೆ. ಇವೇ ಭೂಪಾಲಿಯ ಸ್ವರಗಳು, ನಮ್ಮ ಕಡೆಯ ಮೋಹನ ರಾಗದ ಸ್ವರಗಳೂ ಇವೇ. ಸ್ವರವೇನೋ ಸಿಕ್ಕಿತು, ರಾಗ ಸಿಕ್ಕಿತೇ? ಇಲ್ಲ! ನಾವು ಒತ್ತಿದರೆ ಬರೀ ಸದ್ದು. ಸಂಗೀತ ಕಲಿತವರು ಅದೇ ಐದು ಮನೆ ಮುಟ್ಟಿದರೆ ಮೋಹನ.

ಆಮೇಲೆ ಏನಾಯಿತು?

ಆ ರೆಕಾರ್ಡ್ ಹೆಚ್ಚು ಮಾರಾಟವಾಗಲಿಲ್ಲ. ಜನ ಮರೆತರು. ಟಿಬಿ-303 ಯಂತ್ರವೂ ಸೋತಿತು, 1984ರಲ್ಲಿ ಅದರ ತಯಾರಿಕೆ ನಿಂತಿತು. ಆದರೆ ಅಮೆರಿಕದ ಶಿಕಾಗೋದಲ್ಲಿ ಕೆಲವು ಯುವಕರು ಅದೇ ಯಂತ್ರದ ತಿರುಗಣೆಗಳನ್ನು ಮನಸ್ಸಿಗೆ ಬಂದ ಹಾಗೆ ತಿರುಗಿಸಿ ವಿಚಿತ್ರ ನಾದ ಹೊರಡಿಸಿದರು. ಅವರ ರೆಕಾರ್ಡ್ 1987ರಲ್ಲಿ ಬಂತು. ಆ ಬಗೆಗೆ 'ಆಸಿಡ್ ಹೌಸ್' ಅಂತ ಹೆಸರಾಗಿ ಯೂರೋಪೆಲ್ಲಾ ಕುಣಿಯಿತು.

2002ರಲ್ಲಿ ಹಾಲೆಂಡಿನ ಎಡೊ ಬೌಮನ್ ಎಂಬುವರಿಗೆ ದೆಹಲಿಯಲ್ಲಿ ಚರಣ್‌ಜಿತ್ ಸಿಂಗರ ಹಳೆಯ ರೆಕಾರ್ಡ್ ಸಿಕ್ಕಿತು. ಕೇಳಿ ಬೆರಗಾದರು. ಶಿಕಾಗೋದ ನಾದದಂಥದ್ದೇ ಐದು ವರ್ಷ ಮೊದಲೇ ಮುಂಬೈಯಲ್ಲಿ! 2010ರಲ್ಲಿ ಅವರು ಅದನ್ನು ಮತ್ತೆ ಹೊರತಂದರು. ಎಪ್ಪತ್ತು ದಾಟಿದ ಮೇಲೆ ಚರಣ್‌ಜಿತ್ ಸಿಂಗ್ ಯೂರೋಪಿನ ವೇದಿಕೆಗಳಲ್ಲಿ ಅದೇ ರಾಗಗಳನ್ನು ನುಡಿಸಿದರು. 2015ರಲ್ಲಿ ತೀರಿಕೊಂಡರು.

"ಆಸಿಡ್ ಹೌಸ್ ಹುಟ್ಟಿಸಿದ್ದೇ ಇವರು" ಅಂತ ಕೆಲವರು ಹೊಗಳುತ್ತಾರೆ. ಅದು ಸರಿಯಲ್ಲ. ಶಿಕಾಗೋದವರು ಇವರ ರೆಕಾರ್ಡ್ ಕೇಳಿ ಕಲಿತದ್ದಲ್ಲ. ಯಂತ್ರ ಒಂದೇ, ದಾರಿ ಎರಡು. ಅವರು ನಾದ ಹುಡುಕುತ್ತಾ ಹೋದರು, ಇವರು ರಾಗ ಹಿಡಿದು ಹೋದರು. ಇಲ್ಲದ ಕಿರೀಟ ಇವರಿಗೆ ಬೇಡ, ಮಾಡಿದ ಕೆಲಸವೇ ಸಾಕಷ್ಟು ದೊಡ್ಡದು.

ನಮ್ಮಲ್ಲೂ ಇದೆ

ಭಜನೆಗೆ, ಸಂಗೀತ ಪಾಠಕ್ಕೆ ಇಡುವ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆಯೂ ಕರೆಂಟಿನ ನಾದವೇ ಅಲ್ಲವೇ? ಅಂಥದ್ದನ್ನು ಮಾಡಿದ ಮೊದಲಿಗರಲ್ಲಿ ಬೆಂಗಳೂರಿನ ಜಿ. ರಾಜ್‌ನಾರಾಯಣ್ ಒಬ್ಬರು. ಅವರು ಇಂಜಿನಿಯರೂ ಹೌದು, ಕೊಳಲು ವಾದಕರೂ ಹೌದು. ಶ್ರುತಿಗೆ ಯಂತ್ರ ಒಪ್ಪಿದವರು ರಾಗಕ್ಕೆ ಬೇಡ ಅನ್ನುವುದು ಹೇಗೆ?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಯಂತ್ರವನ್ನು ಬೈಯುವ ಮೊದಲು ಈ ಗಾದೆ ನೆನೆಯೋಣ. ಯಂತ್ರ ಇದ್ದರೆ ಸಾಕು, ಕಲಿಯುವುದು ಬೇಡ ಅನ್ನುವವರೂ ಇದನ್ನೇ ನೆನೆಯಲಿ. ಏನಂತೀರಿ?