ಅಂಗೈಯ ಗಣಕ ನೀವೇ ಕಟ್ಟಿ ನೋಡಿ

ಜಾಲಹಳ್ಳಿ ಎಂದರೆ ರಾಯಚೂರು ಜಿಲ್ಲೆಯವರಿಗೆ ದೇವದುರ್ಗ ತಾಲ್ಲೂಕಿನ ಊರು. ಬೆಂಗಳೂರಿನವರಿಗೆ ಬಿಇಎಲ್ ಕಾರ್ಖಾನೆಯ ಬಡಾವಣೆ. ಆ ಬಿಇಎಲ್ 2004ರ ಮಾರ್ಚ್‌ನಲ್ಲಿ ಮಾರುಕಟ್ಟೆಗೆ ತಂದ ‘ಅಮಿಡಾ ಸಿಂಪ್ಯೂಟರ್’ ಎಂಬ ಅಂಗೈ ಗಣಕದ ಕಲ್ಪನೆ ಹುಟ್ಟಿದ್ದು ಮಾತ್ರ ನಮ್ಮ ಜಾಲಹಳ್ಳಿಯಂಥ ಊರುಗಳಿಗಾಗಿ.

ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ಎಂಜಿನಿಯರರೂ ಸೇರಿ ಅದರ ಮೊದಲ ಮಾದರಿಯನ್ನು 2001ರಲ್ಲಿ ತೋರಿಸಿದ್ದರು. ಕೀಲಿಮಣೆ ಇಲ್ಲ; ಕಡ್ಡಿಯಿಂದ ಪರದೆ ಮುಟ್ಟಿದರಾಯಿತು. ಓದು ಬಾರದವರಿಗೆ ಅಕ್ಷರವನ್ನು ದನಿಯಾಗಿಸುವ ಏರ್ಪಾಡು ಬೇರೆ. ಒಬ್ಬೊಬ್ಬರಿಗೂ ಸ್ಮಾರ್ಟ್ ಕಾರ್ಡ್ ಇದ್ದರೆ ಊರಿಗೆಲ್ಲ ಒಂದೇ ಯಂತ್ರ ಸಾಕೆಂಬ ಲೆಕ್ಕಾಚಾರ. ಆದರೆ ಬೆಲೆ ಸುಮಾರು ಹತ್ತು ಸಾವಿರದಿಂದ ಶುರುವಾಗುತ್ತಿತ್ತು. ಎಣಿಸಿದಷ್ಟು ಮಾರಾಟವಾಗಲಿಲ್ಲ, ಅಷ್ಟರಲ್ಲಿ ಮೊಬೈಲ್ ಬಂದು ಆ ಜಾಗ ಹಿಡಿಯಿತು.

ಇಂದು ಕೆಲವೇ ನೂರು ರೂಪಾಯಿಗೆ ‘ರಾಸ್ಪ್‌ಬೆರಿ ಪೈ ಪಿಕೊ’ ಎಂಬ ಮೈಕ್ರೊಕಂಟ್ರೋಲರ್ ಬೋರ್ಡು ಸಿಗುತ್ತದೆ. 2021ರಲ್ಲಿ ಬಂದ ಇದು ಬೆರಳುದ್ದದ್ದು. ಸಿಂಪ್ಯೂಟರಿನಂತೆ ಇದರಲ್ಲಿ ಲಿನಕ್ಸ್ ಓಡದು, ನಿಜ. ನೆನಪಿನ ಶಕ್ತಿ 264 ಕಿಲೋಬೈಟ್ ಮಾತ್ರ. ಆದರೆ ಕಲಿಯುವವನಿಗೆ ಆ ಬಡತನವೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. 320 ಅಡ್ಡ, 240 ಉದ್ದ ಚುಕ್ಕೆಗಳ ಬಣ್ಣದ ಪರದೆಯನ್ನು ತುಂಬಲು, ಚುಕ್ಕೆಗೆ ಎರಡು ಬೈಟಿನಂತೆ, 1,53,600 ಬೈಟ್ ಬೇಕು. ಅರ್ಧಕ್ಕಿಂತ ಹೆಚ್ಚು ನೆನಪು ಅಲ್ಲೇ ಮುಗಿಯಿತು! ಆದ್ದರಿಂದ ಚಿತ್ರವನ್ನು ಪಟ್ಟಿಪಟ್ಟಿಯಾಗಿ ಬರೆಯುವ ಉಪಾಯ ನೀವೇ ಹೂಡಬೇಕು.

ಗುಂಡಿಗಳದೂ ಅದೇ ಕಥೆ. ಮೂವತ್ತು ಗುಂಡಿಗೆ ಮೂವತ್ತು ತಂತಿ ಎಳೆದರೆ ಬೋರ್ಡಿನ 26 ಪಿನ್ನು ಸಾಲವು. ಐದು ಸಾಲು, ಆರು ಕಂಬವಾಗಿ ಜೋಡಿಸಿ, ಒಂದೊಂದೇ ಸಾಲಿಗೆ ವಿದ್ಯುತ್ ಕೊಟ್ಟು ಯಾವ ಕಂಬದಲ್ಲಿ ಅದು ಕಾಣುತ್ತದೆಂದು ನೋಡಿದರೆ 11 ಪಿನ್ನಿನಲ್ಲಿ ಕೆಲಸವಾಗುತ್ತದೆ.

ಪಾಲಕರು ಚಿಂತಿಸಬೇಕಾದ್ದು ಬ್ಯಾಟರಿಯ ಬಗ್ಗೆ. ಹಳೆಯ ಮೊಬೈಲಿನ ಲಿಥಿಯಂ ಬ್ಯಾಟರಿ ಮಕ್ಕಳ ಕೈಗೆ ಬೇಡ, ತಪ್ಪಿದರೆ ಹೊತ್ತಿಕೊಳ್ಳುತ್ತದೆ. ಗೋಡೆ ಗಡಿಯಾರಕ್ಕೆ ಹಾಕುವಂಥ ಮೂರು ಸೆಲ್ಲು ಸಾಲಾಗಿಟ್ಟರೆ ನಾಲ್ಕೂವರೆ ವೋಲ್ಟು, ಬೋರ್ಡಿನ ‘ವಿಸಿಸ್’ ಪಿನ್ನಿಗೆ ಧಾರಾಳ ಸಾಕು. ಉಳಿದ ಪಿನ್ನುಗಳಿಗೆ 3.3 ವೋಲ್ಟು ದಾಟಿಸಿದರೆ ಬೋರ್ಡು ಸುಟ್ಟೀತು. ಕಂಪ್ಯೂಟರಿಗೆ ಜೋಡಿಸುವಾಗ ಸೆಲ್ಲು ತೆಗೆದಿಡಿ. ಸೋಲ್ಡರಿಂಗ್ ಮಾಡುವಾಗ ಹಿರಿಯರೊಬ್ಬರು ಪಕ್ಕದಲ್ಲಿರಲಿ.

ಎಲ್ಲ ಸರಿಯಾಗಿ ದೀಪ ಬೆಳಗಿದ ಮೇಲೆ ನಿಜವಾದ ಕಷ್ಟ ಎದುರಾಗುತ್ತದೆ: ಪಿಕೊಗೆ ಹಾಕುವ ಮೈಕ್ರೊಪೈಥಾನಿನ ಸಿದ್ಧ ಅಚ್ಚಿನಲ್ಲಿ ಇಂಗ್ಲಿಷ್ ಅಕ್ಷರಗಳಷ್ಟೇ ಇವೆ. ಗ್ರಾಫ್ ಹಾಳೆ ತನ್ನಿ. 24 ಚೌಕದಗಲ, 24 ಚೌಕದೆತ್ತರದಲ್ಲಿ ಪೆನ್ಸಿಲಿನಿಂದ ‘ಜಾ’, ‘ಲ’, ‘ಹ’ ತುಂಬಿ. ಇಷ್ಟೂ ಸಲೀಸು. ‘ಳ್ಳಿ’ ಬಂದಾಗ ಒತ್ತು ಕೆಳಗಿಳಿದು ಜಾಗ ಕೇಳುತ್ತದೆ. ಎಲ್ಲಕ್ಕೂ ಎಂಟು ಸಾಲು ಹೆಚ್ಚಿಸಿ ಮತ್ತೆ ಬರೆಯಿರಿ. ಚೌಕಕ್ಕೊಂದು ಬಿಟ್‌ನಂತೆ ಅಕ್ಷರಕ್ಕೆ 96 ಬೈಟ್. ನಾಲ್ಕಕ್ಷರದ ಊರಿಗೆ 384.